ಕಾಂಪೋಸ್ಟ್ ಟೀ ಎರಡನೇ ದಿನಕ್ಕೇ ನಾರುತ್ತಿದೆ: ಅಳತೆ ತಪ್ಪಿದೆಯೋ, ಗಾಳಿ ಸಾಲದೋ?

ಕುಂಡದತೋಟ:

20 ಲೀಟರ್ ಬಕೆಟ್‌ನಲ್ಲಿ ಕಾಂಪೋಸ್ಟ್ ಟೀ (ಗೊಬ್ಬರವನ್ನು ನೀರಿನಲ್ಲಿ ನೆನೆಸಿ, ಗಾಳಿ ಊದಿ ಮಾಡುವ ದ್ರವ) ಮಾಡುತ್ತಿದ್ದೇನೆ. ಅಳತೆ ಹೀಗಿದೆ: ನಲ್ಲಿ ನೀರು 18 ಲೀಟರ್, ಎರೆಗೊಬ್ಬರ 2 ಕೆ.ಜಿ. (ನೈಲಾನ್ ಕಾಲುಚೀಲದೊಳಗೆ ಬಿಗಿಯಾಗಿ ಕಟ್ಟಿದ್ದು), ಕಾಕಂಬಿ 100 ಮಿ.ಲೀ. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಏರ್ ಪಂಪ್ ಇದೆ, ಅದರ ಮೇಲೆ ನಿಮಿಷಕ್ಕೆ 2 ಲೀಟರ್ ಎಂದು ಬರೆದಿದೆ. ಒಂದೇ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರಗಳ ಕಲ್ಲು). ಬಕೆಟ್ ಇಟ್ಟ ಜಾಗದ ಉಷ್ಣತೆ ಸುಮಾರು 30 ಡಿಗ್ರಿ.

ಮೊದಲ ದಿನ ನೊರೆ ಚೆನ್ನಾಗಿ ಬರುತ್ತದೆ. 36ರಿಂದ 40 ಗಂಟೆಯ ಹೊತ್ತಿಗೆ ಹುಳಿ ವಾಸನೆ, ಆಮೇಲೆ ಕೊಳೆತ ಮೊಟ್ಟೆಯ ನಾತ. ಮೂರು ಸಲವೂ ಇದೇ ಕತೆ.

ಕೇಳಬೇಕಾದದ್ದು ಇಷ್ಟು. ಎಲ್ಲಿ ತಪ್ಪುತ್ತಿದೆ? ನಾರುವ ಟೀಯನ್ನು ತೆಳು ಮಾಡಿ ಗಿಡಕ್ಕೆ ಹಾಕಬಹುದೇ? ಸೊಪ್ಪು, ಟೊಮೆಟೊ ಎಲೆಗಳ ಮೇಲೆ ಸಿಂಪಡಿಸಬಹುದೇ? ಇದನ್ನು ಕೊಟ್ಟರೆ ಬೇರೆ ಗೊಬ್ಬರ ನಿಲ್ಲಿಸಬಹುದೇ?

---

ಮಣ್ಣುಜೀವಿ:

ನಿಮ್ಮ ಅಳತೆಯಲ್ಲೇ ಉತ್ತರ ಇದೆ. ಕಾಕಂಬಿ ಹತ್ತು ಪಟ್ಟು ಹೆಚ್ಚು, ಗಾಳಿ ಅರ್ಧಕ್ಕಿಂತ ಕಡಿಮೆ.

ಲೆಕ್ಕ ಹಾಕಿ ನೋಡೋಣ. 100 ಮಿ.ಲೀ. ಕಾಕಂಬಿ ತೂಕದಲ್ಲಿ ಸುಮಾರು 140 ಗ್ರಾಂ. ಅದರಲ್ಲಿ ಅರ್ಧದಷ್ಟು, ಅಂದರೆ 70 ಗ್ರಾಂ, ಸಕ್ಕರೆ. ಒಂದು ಗ್ರಾಂ ಸಕ್ಕರೆ ಪೂರ್ತಿ ಉರಿಯಬೇಕಾದರೆ ಒಂದು ಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಬೇಕು. ಬ್ಯಾಕ್ಟೀರಿಯಾ ಅರ್ಧ ಸಕ್ಕರೆಯನ್ನು ತಮ್ಮ ಮೈ ಬೆಳೆಸಲು ಬಳಸಿದವು ಅಂದುಕೊಂಡರೂ ಉಳಿದದ್ದಕ್ಕೆ 35 ಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಬೇಕಾಯಿತು. 30 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ 7.5 ಮಿಲಿಗ್ರಾಂ ಮಾತ್ರ. 18 ಲೀಟರಿಗೆ ಒಟ್ಟು 0.14 ಗ್ರಾಂ ಕೂಡ ಆಗುವುದಿಲ್ಲ. ಉಳಿದದ್ದನ್ನೆಲ್ಲ ಪಂಪ್ ತುಂಬಿಕೊಡಬೇಕು.

ಪಂಪ್ ದಿನಕ್ಕೆ 2880 ಲೀಟರ್ ಗಾಳಿ ಊದುತ್ತದೆ. ಅದರಲ್ಲಿ ಆಮ್ಲಜನಕ 800 ಗ್ರಾಂ ಹತ್ತಿರ ಇದೆ ನಿಜ. ಆದರೆ 30 ಸೆಂ.ಮೀ. ಆಳದ ಬಕೆಟ್‌ನಲ್ಲಿ ಗುಳ್ಳೆ ತಳದಿಂದ ಮೇಲಕ್ಕೆ ಬರಲು ಒಂದೆರಡು ಸೆಕೆಂಡು ಸಾಕು. ಅಷ್ಟರಲ್ಲಿ ನೀರಿಗೆ ಇಳಿಯುವುದು ನೂರಕ್ಕೆ ಒಂದೆರಡು ಪಾಲು, ದಿನಕ್ಕೆ 8ರಿಂದ 16 ಗ್ರಾಂ. ಬ್ಯಾಕ್ಟೀರಿಯಾ ಸಕ್ಕರೆಯನ್ನು ಸಮನಾಗಿ ಹಂಚಿಕೊಂಡು ತಿನ್ನುವುದೂ ಇಲ್ಲ. ಮೊದಲ ಕೆಲವು ಗಂಟೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಮುಗಿಬೀಳುತ್ತವೆ. ಆ ಹೊತ್ತಿಗೆ ನೀರಿನ ಆಮ್ಲಜನಕ ಸೊನ್ನೆಗೆ ಬರುತ್ತದೆ. ಗಾಳಿಯಿಲ್ಲದೆ ಬದುಕುವ ಜೀವಿಗಳು ಆಗ ಮೇಲುಗೈ ಪಡೆಯುತ್ತವೆ. ಹುಳಿ ವಾಸನೆ ಅವು ಬಿಡುವ ಸಾವಯವ ಆಮ್ಲಗಳದ್ದು, ಮೊಟ್ಟೆ ನಾತ ಹೈಡ್ರೋಜನ್ ಸಲ್ಫೈಡ್‌ನದ್ದು.

18 ಲೀಟರಿಗೆ ಕಾಕಂಬಿ 10 ಮಿ.ಲೀ. ದಾಟಬಾರದು. ಒಳ್ಳೆಯ ಗೊಬ್ಬರ ಇದ್ದರೆ ಅದೂ ಬೇಕಿಲ್ಲ.

ಎರಡನೇ ತಪ್ಪು ಚೀಲ. 2 ಕೆ.ಜಿ. ಗೊಬ್ಬರ ಕಾಲುಚೀಲದಲ್ಲಿ ಬಿಗಿದರೆ ಅದು ಉಂಡೆ. ಉಂಡೆಯ ಹೊರಮೈ ಮಾತ್ರ ತೊಳೆಯುತ್ತದೆ, ನಡುಭಾಗಕ್ಕೆ ಗಾಳಿ ಹೋಗುವುದೇ ಇಲ್ಲ. ನಾತ ಮೊದಲು ಹುಟ್ಟುವುದು ಅಲ್ಲೇ. ಕಾಲುಚೀಲದ ನೇಯ್ಗೆ ಹಿಗ್ಗದಿದ್ದಾಗ ತೀರಾ ಸಣ್ಣ, ಶಿಲೀಂಧ್ರದ ಎಳೆಗಳು ಒಳಗೇ ಉಳಿಯುತ್ತವೆ. 400 ಮೈಕ್ರಾನ್ ಜಾಲರಿ ಸರಿಯಾದ ಅಳತೆ. ಪೇಂಟ್ ಸೋಸುವ ಚೀಲಗಳು ಹೆಚ್ಚುಕಡಿಮೆ ಈ ಅಳತೆಯವೇ. ಗೊಬ್ಬರ 600-700 ಗ್ರಾಂ ಸಾಕು. ಚೀಲ ಅರ್ಧ ಮಾತ್ರ ತುಂಬಿ, ಸಡಿಲವಾಗಿ ಕಟ್ಟಿ, ಏರ್ ಸ್ಟೋನಿನ ನೇರ ಮೇಲೆ ತೂಗುಬಿಡಿ. ನಾಲ್ಕೈದು ಗಂಟೆಗೊಮ್ಮೆ ಕೈಯಿಂದ ಹಿಂಡಿ ಬಿಡಿ.

ಗಾಳಿಯ ವಿಷಯಕ್ಕೆ ಬಂದರೆ, 18-20 ಲೀಟರಿಗೆ ನಿಮಿಷಕ್ಕೆ 7-8 ಲೀಟರ್ ಕೊಡುವ ಪಂಪ್ ಬೇಕು. ಡಬ್ಬದ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ನೀರಿನ ಒತ್ತಡಕ್ಕೆ, ಕಟ್ಟಿಕೊಂಡ ಸ್ಟೋನಿಗೆ ಅದು ಇಳಿಯುತ್ತದೆ. ಕಣ್ಣಳತೆಯ ಪರೀಕ್ಷೆ ಇದು: ನೀರಿನ ಮೇಲ್ಮೈ ಇಡಿಯಾಗಿ ಕುದಿಯುವ ಹಾಗೆ ಹೊರಳುತ್ತಿರಬೇಕು. ಒಂದು ಮೂಲೆಯಲ್ಲಿ ಮಾತ್ರ ಗುಳ್ಳೆ ಬಂದರೆ ಸಾಲದು.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ ಕರೆಂಟ್ ಹೋದ ಕೂಡಲೇ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪ್ ಸುಡುತ್ತದೆ. ಮೇಲಿಡಲು ಆಗದಿದ್ದರೆ ಕೊಳವೆಯ ನಡುವೆ ಏಕಮುಖ ಕವಾಟ ಹಾಕಿ. ಸಿಹಿ ಹಾಕಿದ ಟೀ ಕುದುರುತ್ತಿರುವಾಗ ಕರೆಂಟ್ ಒಂದು ಗಂಟೆಗಿಂತ ಹೆಚ್ಚು ಹೋದರೆ ಆ ಬಕೆಟ್ ಕೈಬಿಡುವುದೇ ವಾಸಿ.

30 ಡಿಗ್ರಿಯಲ್ಲಿ ಎಲ್ಲವೂ ಬೇಗ ನಡೆಯುತ್ತದೆ. 20-22 ಡಿಗ್ರಿಯಲ್ಲಿ 24ರಿಂದ 36 ಗಂಟೆ ಹಿಡಿಯುವುದು ನಿಮ್ಮಲ್ಲಿ 18 ಗಂಟೆಗೇ ಆಗಿರುತ್ತದೆ. 40 ಗಂಟೆ ಕಾಯುವುದರಲ್ಲಿ ಲಾಭವಿಲ್ಲ.

ನಲ್ಲಿ ನೀರಿನ ಕ್ಲೋರಿನ್: ಗೊಬ್ಬರ ಹಾಕುವ ಮೊದಲು ಒಂದು ಗಂಟೆ ಪಂಪ್ ಓಡಿಸಿದರೆ ಹೊರಟುಹೋಗುತ್ತದೆ, ಅಥವಾ ಬಾಯಿ ಅಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ. ನಿಮ್ಮ ನೀರಿಗೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ ಸೋಂಕುನಾಶಕ) ಹಾಕುತ್ತಿದ್ದರೆ ಅದು ಹಾರಿಹೋಗುವುದಿಲ್ಲ. 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ಕಲಕಿದರೆ 18 ಲೀಟರಿಗೆ ಬೇಕಾದಷ್ಟಾಯಿತು.

ನೊರೆ ನೋಡಿ ಹಿಗ್ಗಬೇಡಿ. ಪ್ರೋಟೀನು, ಸತ್ತ ಎರೆಹುಳು, ಕಾಕಂಬಿ ಯಾವುದಿದ್ದರೂ ನೊರೆ ಬರುತ್ತದೆ. ಅದು ಗುಣಮಟ್ಟದ ಗುರುತಲ್ಲ.

---

ಬೇಲಿಹೂ:

ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಕಾಕಂಬಿಗೆ 10 ಮಿ.ಲೀ. ಮಿತಿ ಹಾಕುವುದಲ್ಲ, ತಿನ್ನುವ ಬೆಳೆ ಇರುವ ತೋಟದಲ್ಲಿ ಅದನ್ನು ಬಿಟ್ಟೇಬಿಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಾರಣ ವಾಸನೆಯಲ್ಲ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳಾದ ಇ. ಕೊಲೈ, ಸಾಲ್ಮೊನೆಲ್ಲಾ ಎರಡೂ ಗಾಳಿ ಇದ್ದರೂ ಬೆಳೆಯುತ್ತವೆ, ಇಲ್ಲದಿದ್ದರೂ ಬೆಳೆಯುತ್ತವೆ. ಹಾಗಾಗಿ "ಗಾಳಿ ಚೆನ್ನಾಗಿ ಕೊಟ್ಟರೆ ಕೆಟ್ಟ ಬ್ಯಾಕ್ಟೀರಿಯಾ ಸಾಯುತ್ತವೆ" ಎಂಬ ಮಾತು ನಿಲ್ಲುವುದಿಲ್ಲ. ಗೊಬ್ಬರದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದರೂ ಸಕ್ಕರೆ ಸಿಕ್ಕಿದ ಕೂಡಲೇ ಒಂದೇ ದಿನದಲ್ಲಿ ಅಪಾಯದ ಮಟ್ಟಕ್ಕೆ ಏರಬಲ್ಲವು. ಕಾಕಂಬಿಯಂಥ ಪೋಷಕ ಹಾಕದ ಟೀಯಲ್ಲಿ ಈ ಏರಿಕೆ ಆಗುವುದಿಲ್ಲ ಅಥವಾ ತೀರಾ ಕಡಿಮೆ; ಪ್ರಯೋಗಗಳಲ್ಲಿ ಕಂಡದ್ದು ಇದೇ. ಅಮೆರಿಕದ ಸಾವಯವ ಮಾನಕ ಮಂಡಳಿಯ ಕಾಂಪೋಸ್ಟ್ ಟೀ ಕಾರ್ಯಪಡೆ 2004ರಲ್ಲಿ ಕೊಟ್ಟ ಶಿಫಾರಸಿನ ಬುಡವೂ ಇಲ್ಲೇ ಇದೆ: ಸರಿಯಾಗಿ ಬಿಸಿಯೇರಿ ಮಾಗಿದ ಗೊಬ್ಬರ, ಕುಡಿಯಲು ಯೋಗ್ಯವಾದ ನೀರು, ಪೋಷಕ ಬೇಡ. ಪೋಷಕ ಹಾಕುವುದಾದರೆ ಪರೀಕ್ಷೆ ಮಾಡಿಸಿ, ಇಲ್ಲವೇ ಹಸಿ ಸಗಣಿ ಗೊಬ್ಬರದಂತೆ ಕಾಯಿರಿ. ಅಲ್ಲಿನ ನಿಯಮದಲ್ಲಿ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 90 ದಿನ ಬಿಡಬೇಕು, ತಿನ್ನುವ ಭಾಗ ಮಣ್ಣಿಗೆ ತಗಲುವಂತಿದ್ದರೆ 120 ದಿನ. ಸೊಪ್ಪು ಒಂದೂವರೆ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಅದಕ್ಕೆ ಈ ಲೆಕ್ಕ ಹೊಂದುವುದೇ ಇಲ್ಲ.

ನೀವು ಬಳಸುತ್ತಿರುವುದು ಎರೆಗೊಬ್ಬರ ಎಂಬುದನ್ನು ಗಮನಿಸಿ. ರಾಶಿ ಗೊಬ್ಬರ 55 ಡಿಗ್ರಿ ದಾಟಿ ಹಲವು ದಿನ ನಿಂತರೆ ರೋಗಾಣು ಸಾಯುತ್ತವೆ. ರಾಶಿಯನ್ನು ತಿರುವಿ ಹಾಕುವ ಪದ್ಧತಿಯಲ್ಲಿ 15 ದಿನದ ಬಿಸಿ, ಐದು ಸಲ ತಿರುವು ಎಂಬ ಲೆಕ್ಕವಿದೆ. ಎರೆಹುಳು ಆ ಬಿಸಿಯಲ್ಲಿ ಬದುಕಲಾರದು, ಆದ್ದರಿಂದ ಎರೆತೊಟ್ಟಿಯಲ್ಲಿ ಈ ಹಂತವೇ ಇರುವುದಿಲ್ಲ. ಸಗಣಿ, ಕೋಳಿ ಗೊಬ್ಬರವನ್ನು ನೇರವಾಗಿ ಎರೆತೊಟ್ಟಿಗೆ ಹಾಕಿದ್ದರೆ ಆ ಎರೆಗೊಬ್ಬರದ ಟೀ ಸೊಪ್ಪಿನ ಮಡಿಗೆ ಬೇಡ. ಮೊದಲು ರಾಶಿಯಲ್ಲಿ ಬಿಸಿಯೇರಿಸಿ, ತಣಿದ ಮೇಲೆ ಹುಳುವಿಗೆ ಕೊಟ್ಟದ್ದಾದರೆ ಆತಂಕ ಬಹಳ ಕಡಿಮೆ.

ಎರೆತೊಟ್ಟಿಯ ತಳದ ನಲ್ಲಿಯಿಂದ ಬಸಿಯುವ ಕಪ್ಪು ನೀರು ಕಾಂಪೋಸ್ಟ್ ಟೀ ಅಲ್ಲ. ಅದು ಅರೆಕೊಳೆತ ತ್ಯಾಜ್ಯದ ನಡುವೆ ಇಳಿದು ಬಂದದ್ದು. ಗಾಳಿ ಕಂಡಿರುವುದಿಲ್ಲ, ಲವಣವೂ ಹೆಚ್ಚು. ಅದನ್ನು ತರಕಾರಿಗೆ ಹಾಕಬೇಡಿ. ಅಲಂಕಾರದ ಗಿಡಕ್ಕೆ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಬಹುದು.

ನಾರುವ ಟೀ ತೆಳು ಮಾಡಿದರೆ ನಾತ ತೆಳುವಾಗುತ್ತದೆ, ಅದರೊಳಗಿನ ಜೀವಿಗಳು ಬದಲಾಗುವುದಿಲ್ಲ. ಆ ಆಮ್ಲಗಳು ಎಳೆಬೇರನ್ನೂ ಸುಡುತ್ತವೆ. ಒಣ ಎಲೆ ಹೆಚ್ಚಿರುವ ಗೊಬ್ಬರದ ರಾಶಿಗೆ ಸುರಿದುಬಿಡಿ. ಮತ್ತೆ ಬಿಸಿಯೇರಿದಾಗ ಸರಿಹೋಗುತ್ತದೆ.

ಇನ್ನು ಸಿಂಪಡಣೆ. ಹಸಿಯಾಗಿ ತಿನ್ನುವ ಯಾವುದೇ ಎಲೆ, ಹಣ್ಣಿನ ಮೇಲೆ ಬೇಡ. ತೊಳೆದರೆ ಹೋಗುತ್ತದೆ ಎನ್ನುವಂತಿಲ್ಲ, ಎಲೆಯ ಸುಕ್ಕುಗಳಲ್ಲಿ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಟೊಮೆಟೊಗೆ ಕಾಯಿ ಕಟ್ಟುವ ಮೊದಲು ಬುಡಕ್ಕೆ ಹಾಕಿ, ಮೇಲೆ ಒಣಹುಲ್ಲಿನ ಹೊದಿಕೆ ಹಾಕಿ. ಮಣ್ಣು ಸಿಡಿದು ಕಾಯಿಗೆ ತಾಗುವುದು ನಿಲ್ಲುತ್ತದೆ. ಬೇರೆ ಗಿಡಗಳಿಗೆ ಸಿಂಪಡಿಸುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ.

---

ಲೆಕ್ಕದಗೊಬ್ಬರ:

"ಬೇರೆ ಗೊಬ್ಬರ ನಿಲ್ಲಿಸಬಹುದೇ" ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಇಲ್ಲ, ನಿಲ್ಲಿಸಲಾಗದು.

650 ಗ್ರಾಂ ಹಸಿ ಗೊಬ್ಬರ ತೆಗೆದುಕೊಳ್ಳಿ. ತೇವ ಕಳೆದರೆ ಸುಮಾರು 400 ಗ್ರಾಂ. ಸಾರಜನಕ ನೂರಕ್ಕೆ ಒಂದೂವರೆ ಎಂದಿಟ್ಟುಕೊಂಡರೆ ಒಟ್ಟು 6 ಗ್ರಾಂ. ಮಾಗಿದ ಗೊಬ್ಬರದಲ್ಲಿ ಇದರ ಬಹುಪಾಲು, ಕೊಳೆತು ಉಳಿದ ಕಪ್ಪು ಸಾವಯವ ಪದಾರ್ಥವಾದ ಹ್ಯೂಮಸ್‌ನೊಳಗೆ ಕಟ್ಟಿಕೊಂಡಿರುತ್ತದೆ, ನೀರಿಗೆ ಬಿಡುವುದಿಲ್ಲ. ಹತ್ತರಲ್ಲಿ ಒಂದು ಪಾಲು ಕರಗಿತು ಎಂದು ಧಾರಾಳವಾಗಿಯೇ ಹಿಡಿಯೋಣ: 18 ಲೀಟರಿಗೆ 0.6 ಗ್ರಾಂ, ಲೀಟರಿಗೆ 33 ಮಿಲಿಗ್ರಾಂ. ಕುಂಡದ ಗಿಡಗಳಿಗೆ ಕೊಡುವ ದ್ರವಗೊಬ್ಬರದಲ್ಲಿ ಸಾಮಾನ್ಯವಾಗಿ ಲೀಟರಿಗೆ 100ರಿಂದ 200 ಮಿಲಿಗ್ರಾಂ ಸಾರಜನಕ ಇರುತ್ತದೆ. ಪೊಟ್ಯಾಶ್ ಸುಲಭವಾಗಿ ಕರಗುತ್ತದೆ, ಅದು ಒಂದಿಷ್ಟು ಸಿಗುತ್ತದೆ. ರಂಜಕ ಅಷ್ಟಾಗಿ ಇಳಿಯುವುದಿಲ್ಲ. ಅಂದರೆ ಇದು ಗಿಡಕ್ಕೆ ಊಟವಲ್ಲ, ಬಾಯಿರುಚಿ. ಅದೇ 650 ಗ್ರಾಂ ಗೊಬ್ಬರವನ್ನು ನೇರವಾಗಿ ಎರಡು ಕುಂಡದ ಮೇಲ್ಮಣ್ಣಿಗೆ ಬೆರೆಸಿದರೆ 6 ಗ್ರಾಂ ಪೂರ್ತಿ ಅಲ್ಲೇ ಇರುತ್ತದೆ, ತಿಂಗಳುಗಟ್ಟಲೆ ನಿಧಾನವಾಗಿ ಸಿಗುತ್ತದೆ. ಗೊಬ್ಬರ ಕೈತುಂಬ ಇದ್ದರೆ ಮೊದಲು ಹಾಗೇ ಹಾಕಿ. ಕುಂಡ ಹೆಚ್ಚು, ಗೊಬ್ಬರ ಕಡಿಮೆ ಇದ್ದಾಗ, ಅಥವಾ ಹೊದಿಕೆ ಕೆದಕದೆ ಬೇರಿನವರೆಗೆ ತಲುಪಿಸಬೇಕಾದಾಗ ಟೀಗೆ ಅರ್ಥವಿದೆ.

ನಿಮ್ಮಂಥ ಸಣ್ಣ ತೋಟಕ್ಕೆ ಪಂಪ್, ಕಾಕಂಬಿ ಯಾವುದೂ ಬೇಡದ ದಾರಿ ಒಂದಿದೆ. ಟೀ ಬಿಟ್ಟು ಗೊಬ್ಬರದ ತೊಳೆನೀರು ಮಾಡಿ.

15 ಲೀಟರ್ ಕ್ಲೋರಿನ್ ಕಳೆದ ನೀರು, ಒಂದೂವರೆ ಲೀಟರ್ ಅಳತೆಯ ಮಾಗಿದ ಗೊಬ್ಬರ (ಪರಿಮಾಣದಲ್ಲಿ ಹತ್ತಕ್ಕೆ ಒಂದು). ಗೊಬ್ಬರವನ್ನು 400 ಮೈಕ್ರಾನ್ ಚೀಲದಲ್ಲಿ ಹಾಕಿ ನೀರಿನಲ್ಲಿ ಮುಳುಗಿಸಿ, ಬಟ್ಟೆ ಒಗೆದ ಹಾಗೆ 5ರಿಂದ 10 ನಿಮಿಷ ಹಿಂಡಿ, ಬಿಡಿ, ಮತ್ತೆ ಹಿಂಡಿ. ಸೂಕ್ಷ್ಮಜೀವಿಗಳು ಗೊಬ್ಬರದ ಕಣಕ್ಕೆ ಲೋಳೆಯಿಂದ ಅಂಟಿಕೊಂಡಿರುತ್ತವೆ, ಬರೀ ನೆನೆಸಿದರೆ ಕಳಚುವುದಿಲ್ಲ. ಹಿಂಡುವ, ಉಜ್ಜುವ ಬಲವೇ ಇಲ್ಲಿನ ಮುಖ್ಯ ಕೆಲಸ. ನೀರು ಕಡುಕಂದು ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ. ಅದೇ ಗಂಟೆಯಲ್ಲಿ ಬುಡಕ್ಕೆ ಹಾಕಿ. ಕುದುರಿಸುವ ಸಮಯವೇ ಇಲ್ಲದ್ದರಿಂದ ಬೇಲಿಹೂ ಹೇಳಿದ ಏರಿಕೆಗೆ ಅವಕಾಶ ಇರುವುದಿಲ್ಲ, ಕೆಡುವ ಮಾತೂ ಇಲ್ಲ. ಆದರೂ ಸೊಪ್ಪಿನ ಎಲೆಗೆ ತಾಗಿಸಬೇಡಿ.

12 ಲೀಟರ್ ಕುಂಡಕ್ಕೆ ಒಂದು ಲೀಟರ್, ಎರಡು ವಾರಕ್ಕೊಮ್ಮೆ. ಒಣಮಣ್ಣಿಗೆ ಸುರಿದರೆ ಕುಂಡದ ಅಂಚಿನ ಬಿರುಕಿನಲ್ಲಿ ಇಳಿದು ತಳದಿಂದ ಹೊರಹೋಗುತ್ತದೆ, ಮೊದಲು ಸಾದಾ ನೀರು ಹಾಕಿ ಮಣ್ಣು ತೇವ ಮಾಡಿಕೊಳ್ಳಿ. ಎಳೆಸಸಿಗಳಿಗಾದರೆ ನಾಲ್ಕು ಪಟ್ಟು ನೀರು ಬೆರೆಸಿ. ಸಗಣಿ ಮೂಲದ ಗೊಬ್ಬರದಲ್ಲಿ ಉಪ್ಪು ಹೆಚ್ಚಿರುತ್ತದೆ, ಸಸಿಯ ಎಲೆಯಂಚು ಕಂದಾಗಿ ಒಣಗಿದರೆ ಅದೇ ಕಾರಣ. ವಿದ್ಯುತ್ ವಾಹಕತೆ ಅಳೆಯುವ ಪೆನ್ ಮೀಟರ್ ಇದ್ದರೆ ಸಸಿಗೆ ಕೊಡುವ ದ್ರಾವಣ ಸೆಂ.ಮೀ.ಗೆ 1 ಮಿಲಿಸೀಮೆನ್ಸ್ (mS/cm) ದಾಟದಂತೆ ನೋಡಿಕೊಳ್ಳಿ.

ಚೀಲದಲ್ಲಿ ಉಳಿದ ಚರಟ ಎಸೆಯಬೇಡಿ. ಸಾರಜನಕದ ಹತ್ತರಲ್ಲಿ ಒಂಬತ್ತು ಪಾಲು ಅದರಲ್ಲೇ ಇದೆ. ಗಿಡದ ಬುಡಕ್ಕೆ ಹರಡಿ.

---

ಕುಂಡದತೋಟ:

ಎಲ್ಲರಿಗೂ ಧನ್ಯವಾದ. ಕಾಕಂಬಿ ನಿಲ್ಲಿಸಿದೆ, ತೊಳೆನೀರಿನಿಂದಲೇ ಶುರು ಮಾಡುತ್ತೇನೆ. ಎರಡು ವಿಷಯ ಉಳಿದಿವೆ. ಸೌತೆ ಬಳ್ಳಿಗೆ ಬೂದಿರೋಗ ಬಂದಿದೆ, ಟೀ ಸಿಂಪಡಿಸಿದರೆ ಹೋಗುತ್ತದೆ ಎಂದು ಓದಿದ್ದೇನೆ, ನಿಜವೇ? ಇನ್ನೊಂದು, ಆ ಮೂರು ಸಲ ಬಿಟ್ಟು ಇನ್ನೊಮ್ಮೆ ಮಾಡಿದ ಟೀ ಬೇರೆ ಚೀಲದ ಕೊಟ್ಟಿಗೆ ಗೊಬ್ಬರದ್ದು. ಅದು ನಾರಿರಲಿಲ್ಲ. ಆದರೂ ಹಾಕಿದ ಹತ್ತು ದಿನಕ್ಕೆ ಟೊಮೆಟೊದ ಹೊಸ ಎಲೆಗಳು ಸಣ್ಣಗೆ, ಜರೀಗಿಡದ ಎಲೆಯ ಹಾಗೆ ಸುರುಟಿಕೊಂಡಿವೆ. ಪಕ್ಕದ ಜೋಳಕ್ಕೆ ಏನೂ ಆಗಿಲ್ಲ.

---

ಎಲೆಚುಕ್ಕೆ:

ಎರಡನೆಯದು ಅವಸರದ್ದು, ಅದನ್ನೇ ಮೊದಲು ಹೇಳುತ್ತೇನೆ. ಆ ಗೊಬ್ಬರ ಇನ್ನೆಲ್ಲಿಗೂ ಹಾಕಬೇಡಿ.

ಟೊಮೆಟೊ ಸುರುಟಿಕೊಂಡು ಜೋಳ ಚೆನ್ನಾಗಿದೆ ಎಂದರೆ ಮೊದಲು ಶಂಕಿಸಬೇಕಾದದ್ದು ಕಳೆನಾಶಕದ ಉಳಿಕೆ. ಹುಲ್ಲುಗಾವಲು, ಮೇವಿನ ಬೆಳೆಗಳಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಕ್ಲೋಪಿರಾಲಿಡ್, ಅಮಿನೋಪಿರಾಲಿಡ್ ಬಳಸುವುದುಂಟು. ಇವು ದನದ ಹೊಟ್ಟೆ ಹಾದು ಸಗಣಿಯಲ್ಲಿ ಹಾಗೇ ಬರುತ್ತವೆ, ಗೊಬ್ಬರದ ರಾಶಿಯಲ್ಲೂ ಬೇಗ ಒಡೆಯುವುದಿಲ್ಲ. ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಟೊಮೆಟೊ, ಹುರುಳಿಕಾಯಿ, ಬಟಾಣಿ, ಆಲೂಗಡ್ಡೆ, ಸೂರ್ಯಕಾಂತಿ ನರಳುತ್ತವೆ. ಹುಲ್ಲಿನ ಜಾತಿಯ ಜೋಳಕ್ಕೆ ಏನೂ ಆಗದು. ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಟೀ ಮಾಡಿದಾಗ ನೇರವಾಗಿ ಬೇರಿಗೇ ತಲುಪಿಸಿದಂತಾಗುತ್ತದೆ.

ಎಲೆ ಸುರುಟುವ ನಂಜುರೋಗವೂ ಹೀಗೇ ಕಾಣಬಹುದು, ಆದ್ದರಿಂದ ಪರೀಕ್ಷಿಸಿ ಖಚಿತ ಮಾಡಿಕೊಳ್ಳಿ. ಮೂರು ಸಣ್ಣ ಕುಂಡಗಳಲ್ಲಿ ಆ ಗೊಬ್ಬರ ಮತ್ತು ಗೊಬ್ಬರ ಸೇರದ ಶುದ್ಧ ಕುಂಡಮಣ್ಣು ಅರ್ಧರ್ಧ. ಇನ್ನು ಮೂರರಲ್ಲಿ ಕುಂಡಮಣ್ಣು ಮಾತ್ರ. ಪ್ರತಿಯೊಂದರಲ್ಲೂ ಮೂರು ಹುರುಳಿಕಾಯಿ ಬೀಜ. ಒಂದರ ತಳದ ನೀರು ಇನ್ನೊಂದಕ್ಕೆ ಹರಿಯದಂತೆ ಬೇರೆ ಬೇರೆ ತಟ್ಟೆ ಇಡಿ. ಎರಡು ಮೂರು ವಾರದಲ್ಲಿ ಮೂರನೇ ನಿಜ ಎಲೆ ಬರುತ್ತದೆ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮಡಚಿ, ತುದಿ ತಿರುಚಿದರೆ ಅನುಮಾನ ಬೇಡ. ಬರೀ ಎಲೆಯಂಚು ಸುಟ್ಟಿದ್ದರೆ ಅದು ಉಪ್ಪು. ಹೊರಗಿನಿಂದ ತಂದ ಪ್ರತಿ ಹೊಸ ಗೊಬ್ಬರಕ್ಕೂ ಟೀ ಮಾಡುವ ಮೊದಲೇ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಬೂದಿರೋಗದ ವಿಷಯದಲ್ಲಿ ಟೀ ಮೇಲೆ ಭಾರ ಹಾಕಬೇಡಿ. ಕೆಲವು ಪ್ರಯೋಗಗಳಲ್ಲಿ ತಗ್ಗಿದೆ, ಕೆಲವುಗಳಲ್ಲಿ ಏನೂ ಆಗಿಲ್ಲ. ಒಂದೇ ಪಾಕದಲ್ಲಿ ಮಾಡಿದರೂ ಗೊಬ್ಬರ ಬದಲಾದರೆ ಫಲ ಬದಲಾಗುತ್ತದೆ. ಗಾಳಿ ಕೊಟ್ಟ ಟೀಯೇ ಮೇಲು ಎಂಬುದಕ್ಕೂ ಆಧಾರ ಗಟ್ಟಿಯಿಲ್ಲ, ಎಲೆರೋಗಗಳಲ್ಲಿ ಗಾಳಿಯಿಲ್ಲದೆ ವಾರಗಟ್ಟಲೆ ನೆನೆಸಿದ್ದೂ ಅಷ್ಟೇ ಕೆಲಸ ಮಾಡಿದ ಉದಾಹರಣೆಗಳಿವೆ. ಫಲ ಸಿಕ್ಕ ಕಡೆಯೂ ಬಹುತೇಕ ರೋಗ ಬರುವ ಮೊದಲು ಸಿಂಪಡಿಸಿದ್ದು. ಬಿಳಿ ಪುಡಿ ಹರಡಿದ ಮೇಲೆ ಸಿಂಪಡಿಸಿದರೆ ತಡವಾಯಿತು. ಸೌತೆಯನ್ನು ಹಸಿಯಾಗಿ ತಿನ್ನುವುದರಿಂದ ಬೇಲಿಹೂ ಹೇಳಿದ ತಕರಾರು ಬೇರೆ ಇದೆ. ರೋಗ ತಗಲಿದ ತಳದ ಎಲೆ ಕಿತ್ತುಹಾಕಿ, ಬಳ್ಳಿಯ ನಡುವೆ ಗಾಳಿಯಾಡುವಂತೆ ಮಾಡಿ, ನೆನೆಯುವ ಗಂಧಕವನ್ನು (ನೀರಿನಲ್ಲಿ ಬೆರೆಸಿ ಸಿಂಪಡಿಸುವ ವೆಟ್ಟಬಲ್ ಸಲ್ಫರ್) ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಬಳಸಿ. ಗಂಧಕಕ್ಕೆ 32 ಡಿಗ್ರಿ ದಾಟಿದ ಬಿಸಿಲು ಆಗದು, ಸೌತೆ ಎಲೆ ಸುಡುತ್ತದೆ. ನಿಮ್ಮಲ್ಲಿ 30 ಡಿಗ್ರಿ ಇದೆಯಾದ್ದರಿಂದ ತಂಪಿನ ದಿನ ನೋಡಿ, ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ.

---

ಮಣ್ಣುಜೀವಿ:

ಬೇಲಿಹೂ ಮಾತು ಒಪ್ಪಿದೆ. ತರಕಾರಿ ಇರುವ ಕಡೆ ಕಾಕಂಬಿ ಬೇಡ, 10 ಮಿ.ಲೀ. ಎಂದದ್ದನ್ನು ಹೂಗಿಡ, ಅಲಂಕಾರದ ಗಿಡಗಳಿಗೆ ಮಾತ್ರ ಎಂದು ಓದಿಕೊಳ್ಳಿ.

ಪಂಪ್ ಹೇಗೂ ಇದೆಯಲ್ಲ, ಅದನ್ನು ಪೂರ್ತಿ ಬಿಡಬೇಕಿಲ್ಲ. ತೊಳೆನೀರು ಮಾಡಿದ ಮೇಲೆ ಹಾಕಲು ಎರಡು ಮೂರು ಗಂಟೆ ತಡವಾಗುವುದಿದ್ದರೆ ಅಲ್ಲಿಯವರೆಗೆ ಗಾಳಿ ಕೊಡುತ್ತಿರಿ. ಪಂಪ್ ನಿಲ್ಲಿಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಿ. ಬಾಟಲಿಯಲ್ಲಿ ತುಂಬಿ ಮುಚ್ಚಳ ಬಿಗಿದು ಇಡುವುದಂತೂ ಬೇಡವೇ ಬೇಡ: ಆಮ್ಲಜನಕ ಮುಗಿಯುತ್ತದೆ, ಅನಿಲ ತುಂಬಿ ಬಾಟಲಿ ಉಬ್ಬುತ್ತದೆ.

ಬಳಸಿದ ಕೂಡಲೇ ಬಕೆಟ್, ಕೊಳವೆ, ಚೀಲ ತೊಳೆಯಿರಿ. ಒಣಗಿದ ಮೇಲೆ ಲೋಳೆಪದರ ಬಿಡಿಸುವುದು ಕಷ್ಟ, ಮುಂದಿನ ಸಲ ನಾತ ಅಲ್ಲಿಂದಲೇ ಶುರುವಾಗುತ್ತದೆ. ಮೂರು ಸಲ ನಾರಿದ ನಿಮ್ಮ ಏರ್ ಸ್ಟೋನಿನ ರಂಧ್ರಗಳಲ್ಲಿ ಈಗ ಅದೇ ತುಂಬಿರುತ್ತದೆ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ನೊರೆಯುಕ್ಕುವುದು ನಿಂತ ಮೇಲೆ ತೊಳೆದು ಬಿಸಿಲಿಗೆ ಒಣಗಿಸಿ. ಆಮೇಲೂ ಗುಳ್ಳೆ ಒಂದೇ ಕಡೆಯಿಂದ ಬಂದರೆ ಸ್ಟೋನ್ ಬಿಟ್ಟುಬಿಡಿ. ಕೊಳವೆಯ ತುದಿ ಮುಚ್ಚಿ, ಕೊನೆಯ 20 ಸೆಂ.ಮೀ.ನಲ್ಲಿ ಕಾದ ಸೂಜಿಯಿಂದ ಎರಡು ಸೆಂ.ಮೀ.ಗೊಂದು ತೂತು ಮಾಡಿ, ತಳದಲ್ಲಿ ಸುತ್ತಿ ಕಲ್ಲಿನ ಭಾರ ಇಡಿ. ಗುಳ್ಳೆ ತುಸು ದೊಡ್ಡದಾದರೂ ನೀರು ಚೆನ್ನಾಗಿ ಹೊರಳುತ್ತದೆ, ಶುಚಿ ಮಾಡುವುದೂ ಸುಲಭ.